ಹಿಂದಿನ ಚಕ್ರದ ತಜ್ಞರು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹಿಮ ಬೀಳುವುದಿಲ್ಲ. ಅದಕ್ಕೇ ಇಲ್ಲಿ ಹಿಮದಲ್ಲಿ ಕಾರು ಓಡಿಸುವುದು ಹೇಗೆ ಅಂತ ಗೊತ್ತಿಲ್ಲದವರು ಒಬ್ಬರೂ ಇಲ್ಲ. ಡಿಸೆಂಬರ್ ಬಂದರೆ ಸಾಕು, ಸತ್ಯನಾರಾಯಣ ಪೂಜೆಗೆ ಹೋಗಿ, ಮಕ್ಕಳ ಬರ್ತ್‌ಡೇಗೆ ಹೋಗಿ, ಯಾರಾದರೂ ಒಬ್ಬರು ತಟ್ಟೆ ಹಿಡಿದುಕೊಂಡು ಟಾಹೋ ಎಂಬ ಹಿಮದ ಬೆಟ್ಟ ಹತ್ತುವ ವಿದ್ಯೆಯನ್ನು ಬೋಧಿಸುತ್ತಲೇ ಇರುತ್ತಾರೆ. ಜನವರಿಯಲ್ಲಿ ಅವರೇ ಬಂಪರ್ ಕಳಕೊಂಡು ಬೆಟ್ಟ ಇಳಿದು ಬರುತ್ತಾರೆ. ಮುಂದಿನ ಡಿಸೆಂಬರಿನಲ್ಲಿ ಮತ್ತೆ ಅವರದೇ ಬೋಧನೆ. ಇದು ಪ್ರತಿ ವರ್ಷ ತಪ್ಪದೆ ನಡೆಯುತ್ತದೆ.

ನಾನು ಮದುವೆಯಾಗಿ ಮೈಸೂರಿನಿಂದ ನೇರ ಹೋಗಿ ಇಳಿದದ್ದು ಮಿನೆಸೋಟಾಕ್ಕೆ. ಅಲ್ಲಿ ಚಳಿಗಾಲದಲ್ಲಿ ಕಾರು ಕಲಿತೆ. ಅಲ್ಲಿಯ ಜನ ಹಿಮದ ಬಗ್ಗೆ ಭಾಷಣ ಮಾಡುವುದಿಲ್ಲ, ಸಲಿಕೆ ಹಿಡಿದು ಎತ್ತಿಹಾಕುತ್ತಾರೆ. ಆಮೇಲೆ ಬೇ ಏರಿಯಾಗೆ, ಸ್ಯಾನ್ ಹೊಸೆಗೆ ಬಂದೆವು. ಬಂದ ಮೇಲೆ ಹಿಮದ ವಿಷಯದಲ್ಲಿ ನನ್ನ ಮಾತನ್ನು ಯಾರೂ ಕೇಳಿದ್ದಿಲ್ಲ. ಒಂದು, ನಾನು ಹೆಂಗಸು. ಇನ್ನೊಂದು, ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. "ಬಿಡಿ, ಮೇಡಂ ಟೆಸ್ಟಿಂಗ್‌ನೋರು, ತಪ್ಪು ಹುಡುಕೋದೇ ಅವರ ಕೆಲಸ" ಅಂತ ನಗುತ್ತಾರೆ. ಹುಡುಕುವ ಕಷ್ಟ ನನಗೆ ಯಾವತ್ತೂ ಬಂದಿಲ್ಲ. ತಪ್ಪುಗಳು ತಾವಾಗಿಯೇ ಭಾನುವಾರ ಮನೆಗೆ ಬಂದು ಊಟಕ್ಕೆ ಕೂರುತ್ತವೆ.

೧. ತಜ್ಞರ ನೇಮಕ

ಅವು ಪ್ರತಿಯೊಬ್ಬರೂ ಒಂದೊಂದು ಡಾಟ್‌ಕಾಮ್ ತೆರೆಯುತ್ತಿದ್ದ ದಿನಗಳು. ನಮ್ಮ ಯಜಮಾನರು ಒಳ್ಳೆಯ ಕೆಲಸ ಬಿಟ್ಟು ಅಂಥ ಒಂದಕ್ಕೆ ಸೇರಿದ್ದರು. ಅದನ್ನು ಶುರು ಮಾಡಿದವರು ಬೆಂಗಳೂರಿನ ಒಬ್ಬ ಮಹನೀಯರು. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಫೌಂಡರ್' ಅಂತ ಇತ್ತು, ಆದ್ದರಿಂದ ನಾವೂ ಅವರನ್ನು ಫೌಂಡರು ಅಂತಲೇ ಕರೆಯುತ್ತಿದ್ದೆವು. ಆಫೀಸು ಇದ್ದದ್ದು ಹಳೆಯ ಕಾರ್ಪೆಟ್ ಅಂಗಡಿಯೊಂದರಲ್ಲಿ. ಒಳಗೆ ಹೋದರೆ ಕಾರ್ಪೆಟ್ ವಾಸನೆ, ನಡುವೆ ಒಂದು ಆಟದ ಮೇಜು, ಸುತ್ತ ಕಂಪ್ಯೂಟರು.

ಕಂಪನಿಯ ಕೆಲಸ ಏನೆಂದರೆ, ಜನ ಇಂಟರ್ನೆಟ್ಟಿನಲ್ಲಿ ಏನು ಪ್ರಶ್ನೆ ಕೇಳಿದರೂ ತಜ್ಞರು ಉತ್ತರ ಕೊಡುವುದು. ಅಡುಗೆಗೆ ಒಬ್ಬ ತಜ್ಞ, ಡಿವೋರ್ಸಿಗೆ ಒಬ್ಬ, ನಾಯಿಗೆ ಒಬ್ಬ. "ಇದರಲ್ಲಿ ಸಂಪಾದನೆ ಎಲ್ಲಿಂದ?" ಅಂತ ನಾನು ಒಮ್ಮೆ ಕೇಳಿದ್ದಕ್ಕೆ ಫೌಂಡರು ಕನಿಕರದಿಂದ ನೋಡಿ, "ಮೇಡಂ, ಮೊದಲು ಜನ ಸೈಟು ನೋಡಬೇಕು. ದುಡ್ಡು ಹಳೇ ಕಾಲದ ಯೋಚನೆ" ಅಂದಿದ್ದರು.

ಒಂದು ಭಾನುವಾರ ನಮ್ಮ ಮನೆಯಲ್ಲಿ ಬಿಸಿಬೇಳೆ ಬಾತ್ ಊಟ ಮಾಡುತ್ತಾ ಫೌಂಡರು ವಿಷಯ ತೆಗೆದರು. ಫ್ರಂಟ್‌ವೀಲ್ ಡ್ರೈವ್ ಕಾರನ್ನು ಹಿಮದಲ್ಲಿ, ಐಸಿನ ಮೇಲೆ ಓಡಿಸುವುದು ಹೇಗೆ ಅಂತ ಯಾರೋ ಪ್ರಶ್ನೆ ಕೇಳಿದ್ದಾರೆ, ತಜ್ಞರು ಯಾರೂ ಸಿಕ್ಕಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ, ಉತ್ತರವನ್ನು ತಾವೇ ಬರೆದುಬಿಟ್ಟಿದ್ದರು. ಬೆಂಗಳೂರಿನಿಂದ ನೇರವಾಗಿ ಸ್ಯಾನ್ ಹೊಸೆಗೆ ಬಂದ ಅವರು ಅಲ್ಲಿಯವರೆಗೆ ಹಿಮ ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ.

"ಮೇಡಂ, ನೀವು ಮಿನೆಸೋಟಾದಲ್ಲಿ ಇದ್ರಲ್ಲ, ಸುಮ್ನೆ ಒಂದ್ಸಲ ಕೇಳಿಸ್ಕೊಳ್ಳಿ. ಡಿಕ್ಕೀಲಿ ಚೆನ್ನಾಗಿ ಭಾರ ತುಂಬಬೇಕು. ಜಾರದ ಹಾಗೆ ಟೈರಿಗೆ ಸುತ್ತೋ ಚೈನನ್ನ ಹಿಂದಿನ ಚಕ್ರಕ್ಕೆ ಕಟ್ಟಬೇಕು. ಜಾರಿದರೆ ಧೈರ್ಯವಾಗಿ, ಖಡಾಖಂಡಿತ ಬ್ರೇಕ್ ಹಾಕಬೇಕು."

ಬಾಯಲ್ಲಿದ್ದ ತುತ್ತು ನನಗೆ ನೆತ್ತಿಗೆ ಹತ್ತಿತು.

"ಮೂರೂ ತಪ್ಪು," ಅಂದೆ. "ಆ ಕಾರಿನಲ್ಲಿ ಮುಂದಿನ ಚಕ್ರ ಗಾಡೀನ ಎಳೆಯೋದು. ಭಾರ ಮುಂದಿದ್ದರೇ ಅದಕ್ಕೆ ಹಿಡಿತ. ಹಿಂದೆ ಹೇರಿದರೆ ಮೂತಿ ಮೇಲಕ್ಕೇಳತ್ತೆ. ಚೈನು ಮುಂದಕ್ಕೆ ಕಟ್ಟಬೇಕು. ಜಾರಿದಾಗ ಬ್ರೇಕ್ ಒದ್ದರೆ ಕಾರು ಬುಗುರಿ ಥರ ತಿರುಗತ್ತೆ. ಕಾಲು ತೆಗೀಬೇಕು, ಹೋಗಬೇಕಾದ ಕಡೆಗೆ ಮೆಲ್ಲಗೆ ಸ್ಟಿಯರಿಂಗ್ ತಿರುಗಿಸಬೇಕು."

"ನಮ್ಮಪ್ಪನ ಕಾರಲ್ಲಿ ಹಿಂದಿನ ಚಕ್ರ ತಾನೇ ತಳ್ಳೋದು?"

"ನಿಮ್ಮಪ್ಪನ ಕಾರು ಟಾಹೋಗೆ ಹೋಗಿತ್ತಾ?"

ನಮ್ಮ ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಫೌಂಡರು ನಕ್ಕು, "ಟೆಸ್ಟಿಂಗ್, ಟೆಸ್ಟಿಂಗ್" ಅಂತ ಹೇಳಿ ಇನ್ನಷ್ಟು ಬೂಂದಿ ಹಾಕಿಸಿಕೊಂಡರು.

ಮರುದಿನ ಸೈಟು ತೆರೆದು ನೋಡಿದೆ. ಉತ್ತರದ ಒಂದಕ್ಷರ ಬದಲಾಗಿರಲಿಲ್ಲ. ಪಕ್ಕದಲ್ಲಿ ಟೈ ಕಟ್ಟಿದ ಫೌಂಡರ ಫೋಟೋ, ಬೆನ್ನ ಹಿಂದೆ ಯಾವುದೋ ಕ್ಯಾಲೆಂಡರಿನ ಹಿಮಪರ್ವತ, ಕೆಳಗೆ 'ಚಳಿಗಾಲದ ಚಾಲನೆಯಲ್ಲಿ ಹಲವು ವರ್ಷಗಳ ಅನುಭವ' ಎಂಬ ಒಕ್ಕಣೆ. ಫೋನ್ ಮಾಡಿ ಯಾವ ಅನುಭವ ಅಂತ ಕೇಳಿದೆ.

"ಏನ್ ಮೇಡಂ ಹೀಗಂತೀರಿ," ಅಂತ ಅವರಿಗೇ ಬೇಜಾರಾಯಿತು. "ಸ್ಯಾನ್ ಹೊಸೇಲೂ ಪ್ರತಿ ವರ್ಷ ಚಳಿಗಾಲ ಬರತ್ತೆ ತಾನೇ? ಆಗೆಲ್ಲ ನಾನು ಕಾರ್ ಓಡಿಸಿಲ್ವಾ?"

೨. ಎದುರುಮನೆಯಾಕೆಯ ಫೋಟೋ

ಆ ಚಳಿಗಾಲ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ಅವರಿಗೆ ಅಮೆರಿಕದಿಂದ ಬೇಕಾದದ್ದು ಒಂದೇ ಒಂದು: ಹಿಮದಲ್ಲಿ ನಿಂತ ಫೋಟೋ.

ಅದಕ್ಕೆ ಕಾರಣ ಮೈಸೂರಿನ ಎದುರುಮನೆಯಾಕೆ. ಆಕೆ ಶಿಕಾಗೋದಲ್ಲಿ ಮಗಳ ಮನೆಗೆ ಹೋಗಿ ಬಂದವರು. ಹಿಮದಲ್ಲಿ ನಿಂತ ಫೋಟೋಗೆ ಕಟ್ಟು ಹಾಕಿಸಿ ಟೀವಿಯ ಮೇಲೆ ಇಟ್ಟಿದ್ದಾರೆ. ಹಾಲಿನವನಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಅದನ್ನು ನೋಡಲೇಬೇಕು. ಅತ್ತೆ ಹೊರಡುವ ಮುನ್ನ ಹೇಳಿಹೋಗಲು ಹೋದರೆ, ಆಕೆ ಕುಂಕುಮ ಕೊಡುತ್ತಾ, "ಕ್ಯಾಲಿಫೋರ್ನಿಯಾನಾ? ಅಯ್ಯೋ ಪಾಪ, ಅಲ್ಲಿ ಸ್ನೋನೇ ಇಲ್ವಂತಲ್ರೀ. ನಮ್ ಮೈಸೂರಿನ ಥರಾನೇ ಅಂತೆ" ಅಂದರಂತೆ. ಆ 'ಪಾಪ' ಅತ್ತೆಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ನಮ್ಮ ಯಜಮಾನರು ಪ್ರತಿ ಶನಿವಾರ ಟಾಹೋಗೆ ಕರಕೊಂಡು ಹೋಗುವುದಾಗಿ ಹೇಳುವುದು, ಪ್ರತಿ ಶುಕ್ರವಾರ ಕಂಪನಿಯಲ್ಲಿ ಏನೋ ಮುಳುಗಿಹೋಗುವುದು. ಅತ್ತೆಗೆ ಸಿಕ್ಕಿದ್ದು ಗೋಲ್ಡನ್ ಗೇಟ್ ಸೇತುವೆ ಮಾತ್ರ. ಆ ದಿನ ಎಷ್ಟು ಮಂಜು ಅಂದರೆ ಫೋಟೋದಲ್ಲಿ ಅತ್ತೆ ಇದ್ದಾರೆ, ಸೇತುವೆ ಇಲ್ಲ. "ಇದನ್ನ ಊಟಿ ಅಂದರೂ ನಂಬ್ತಾರೆ" ಅಂತ ಅತ್ತೆ ಅದನ್ನು ಪಕ್ಕಕ್ಕೆ ಎಸೆದರು.

ಕೊನೆಗೆ ಅವರು ಹೊರಡುವ ವಾರವೂ ಬಂತು. ಬುಧವಾರದ ವಿಮಾನ. ಉಳಿದದ್ದು ಒಂದೇ ಶನಿವಾರ.

"ನೋಡು ಮಗೂ," ಅಂದರು ಮಗನಿಗೆ, "ಫೋಟೋ ಇಲ್ದೆ ನಾನು ವಿಮಾನ ಹತ್ತಲ್ಲ. ಹೋಗಿ ಅವಳ 'ಪಾಪ' ಕೇಳೋದಕ್ಕಿಂತ ಇಲ್ಲೇ ಇದ್ದುಬಿಡ್ತೀನಿ."

ಇಲ್ಲೇ ಇದ್ದುಬಿಡ್ತೀನಿ ಅನ್ನುವ ಮಾತು ಕೇಳಿ ನಾನು ಅರ್ಧ ಗಂಟೆಯಲ್ಲಿ ಸ್ವೆಟರು, ಟೋಪಿ, ಫ್ಲಾಸ್ಕು ಎಲ್ಲ ಸಿದ್ಧ ಮಾಡಿದೆ. ಅತ್ತೆಯ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ನಮ್ಮದು ಒಂದೇ ಬಾತ್‌ರೂಮಿನ ಅಪಾರ್ಟ್‌ಮೆಂಟು.

ವಿಷಯ ಫೌಂಡರ ಕಿವಿಗೆ ಬಿತ್ತು. "ನನ್ನ ಹೊಸ ಕಾರಲ್ಲೇ ಹೋಗೋಣ, ನಾನೇ ಓಡಿಸ್ತೀನಿ. ಅಮ್ಮನಿಗೆ ಸ್ನೋ ತೋರಿಸೋ ಭಾಗ್ಯ ನನಗಿರಲಿ. ಫೀಲ್ಡ್ ಟೆಸ್ಟೂ ಆಗತ್ತೆ" ಅಂದರು. ನಾನು ಬೇಡವೇ ಬೇಡ ಅಂದೆ. "ಅವರು ನನ್ನ ಬಾಸು ಕಣೇ" ಅಂತ ಯಜಮಾನರು ಪಿಸುಗುಟ್ಟಿದರು. ಫೌಂಡರ ಹೆಂಡತಿ ಮಂಗಳೂರಿನವರು, ಬಹಳ ತಿಳಿವಳಿಕೆಯ ಹೆಂಗಸು. ನೀವೂ ಬನ್ನಿ ಅಂತ ಕರೆದೆ.

"ನಾನು ಬರುದಿಲ್ಲ ಮಾರಾಯ್ರೆ," ಅಂದರು ಅವರು. "ಇವರು ಗ್ಯಾರೇಜಿಂದ ಕಾರು ತೆಗೆಯುವಾಗಲೇ ನಂಗೆ ಹೆದರಿಕೆ ಆಗ್ತದೆ. ನೀವು ಹೋಗಿ ಬನ್ನಿ. ನಾನು ಇಲ್ಲಿ ದೇವರಿಗೆ ದೀಪ ಇಡ್ತೇನೆ."

೩. ಎರಡು ಮೂಟೆ ಸೋನಾಮಸೂರಿ

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಫೌಂಡರು ಹೊಸ ಕಾರಿನೊಂದಿಗೆ ಹಾಜರು. ಕಾರಿನ ಮೂತಿ ಆಕಾಶ ನೋಡುತ್ತಿತ್ತು, ಬಾಲ ನೆಲ ನೋಡುತ್ತಿತ್ತು. ಡಿಕ್ಕಿ ತೆಗೆದರೆ ಎರಡು ದೊಡ್ಡ ಮೂಟೆ ಸೋನಾಮಸೂರಿ ಅಕ್ಕಿ.

"ಯಾಕೆ ಅಕ್ಕಿ?" ಅಂದೆ.

"ಭಾರ ಮೇಡಂ. ಮರಳು ಹಾಕು ಅಂತ ಬರೆದಿದ್ದೆ. ಮರಳು ತಂದರೆ ಆಮೇಲೆ ಏನ್ಮಾಡೋದು? ಅಕ್ಕಿಯಾದರೆ ಮನೆಗಾಗತ್ತೆ."

ಜಗತ್ತಿನಲ್ಲಿ ಇಷ್ಟು ಮಿತವ್ಯಯದ ಮೂರ್ಖತನವನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು. ಮೂಟೆಗಳನ್ನು ಇಳಿಸಿ ಅಂದೆ. "ಟೆಸ್ಟಿಂಗ್, ಟೆಸ್ಟಿಂಗ್" ಅಂದರು. ಮೂಟೆಗಳ ಜೊತೆಗೆ ನಮ್ಮ ಪುಳಿಯೋಗರೆಯ ಡಬ್ಬಿ, ಮೊಸರನ್ನದ ಡಬ್ಬಿ, ನೀರಿನ ಕ್ಯಾನು ಎಲ್ಲವನ್ನೂ ಹಿಂದಕ್ಕೇ ತುಂಬಿಸಿದರು. ಫ್ಲಾಸ್ಕನ್ನು ನಾನು ಮುಂದಿನ ಸೀಟಿನ ಬಳಿ ಇಡಲು ಹೋದರೆ, "ಅದೂ ಹಿಂದಕ್ಕೆ ಮೇಡಂ" ಅಂತ ಕಿತ್ತುಕೊಂಡರು.

ಅಷ್ಟರಲ್ಲಿ ಅತ್ತೆ ಮೈಸೂರು ಸಿಲ್ಕ್ ಸೀರೆ ಉಟ್ಟು, ಮೇಲೆ ಮಗನ ಜಾಕೆಟ್ಟು ಹಾಕಿ, ಕಾಲಿಗೆ ನನ್ನ ಬೂಟು ಏರಿಸಿ ಹೊರಗೆ ಬಂದರು. ಕೈಯಲ್ಲಿ ನಾಲ್ಕು ನಿಂಬೆಹಣ್ಣು. ಹೊಸ ಗಾಡಿ, ದೂರದ ದಾರಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಹೊರಡುವುದುಂಟೇ?

ಫೌಂಡರು ದೊಡ್ಡ ಮನಸ್ಸು ಮಾಡಿ ಮುಗುಳ್ನಕ್ಕರು. "ಇಡಿ ಅಮ್ಮಾ. ಆದರೆ ಮುಖ್ಯವಾಗಿ ಹಿಂದಿನ ಚಕ್ರಕ್ಕೆ ಇಡಿ, ಭಾರ ಎಲ್ಲ ಅಲ್ಲೇ ಇರೋದು."

"ದೇವರ ಕಾರ್ಯದಲ್ಲಿ ಹಿಂದೆ ಮುಂದೆ ನೋಡಬಾರದಪ್ಪ," ಅಂದು ಅತ್ತೆ ನಾಲ್ಕೂ ಚಕ್ರಕ್ಕೆ ಇಟ್ಟರು.

ಕಾರು ಪಚಕ್ ಅಂತ ಹಣ್ಣು ಹಿಸುಕಿ ಹೊರಟಿತು. ಆ ದಿನ ಆ ಕಾರಿನ ಮುಂದಿನ ಚಕ್ರಗಳ ಸುರಕ್ಷತೆಗೆಂದು ಮನೆಯಿಂದ ಹೊರಡುವಾಗ ನಡೆದ ಏರ್ಪಾಡು ಅದೊಂದೇ.

೪. ಚೈನು ಕಟ್ಟುವ ವಿಶೇಷ ಪದ್ಧತಿ

ಸ್ಯಾಕ್ರಮೆಂಟೊ ದಾಟುವವರೆಗೆ ಬಿಸಿಲು. ಫೌಂಡರು ಒಂದೇ ಕೈಯಲ್ಲಿ ಕಾರು ಓಡಿಸುತ್ತಾ, ಕಂಪನಿಯನ್ನು ಷೇರು ಪೇಟೆಗೆ ಇಳಿಸಿದ ಮೇಲೆ ಏನೇನು ಮಾಡುತ್ತಾರೆಂದು ಹೇಳುತ್ತಿದ್ದರು. ಬೆಟ್ಟ ಏರುತ್ತಾ ಏರುತ್ತಾ ರಸ್ತೆಯ ಎರಡೂ ಬದಿ ಬೆಳ್ಳಗಾಯಿತು. ಅತ್ತೆ ಕಿಟಕಿಗೆ ಮೂಗು ಒತ್ತಿ, "ಸಾಕು, ಇಲ್ಲೇ ನಿಲ್ಸಪ್ಪ, ಫೋಟೋ ತೆಗೀರಿ" ಅಂದರು. "ಇದೇನು ಸ್ನೋ ಅಮ್ಮಾ, ಮೇಲೆ ನೋಡಿ ಬನ್ನಿ" ಅಂದರು ಫೌಂಡರು. ಅಲ್ಲೇ ನಿಲ್ಲಿಸಿದ್ದರೆ ಅತ್ತೆಗೆ ಫೋಟೋ ಸಿಕ್ಕಿ, ನನಗೆ ಮಧ್ಯಾಹ್ನದ ನಿದ್ದೆ ಸಿಗುತ್ತಿತ್ತು.

ಸ್ವಲ್ಪ ದೂರ ಹೋದರೆ ಚೈನು ಕಡ್ಡಾಯ ಎಂಬ ಬೋರ್ಡು. ಎಲ್ಲರೂ ರಸ್ತೆಯಂಚಿಗೆ ಕಾರು ನಿಲ್ಲಿಸಿ ಚಕ್ರಗಳಿಗೆ ಚೈನು ಕಟ್ಟುತ್ತಿದ್ದರು. ಕಟ್ಟಿಕೊಡುವವರೂ ಹಳದಿ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ಯಜಮಾನರು ಅವರಲ್ಲಿ ಒಬ್ಬರನ್ನು ಕರೆಯಲು ಕೈ ಎತ್ತಿದರು. ಫೌಂಡರು ಆ ಕೈ ಇಳಿಸಿದರು. "ನಾಳೆ ಸೈಟಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ? ತಜ್ಞರೇ ಬೇರೆಯವರ ಹತ್ತಿರ ಕಟ್ಟಿಸ್ಕೊಂಡ್ರು ಅಂತಲಾ?"

ಚೈನಿನ ಪೆಟ್ಟಿಗೆಯ ಮೇಲೆ ಚಿತ್ರ ಇತ್ತು. ಚಿತ್ರದಲ್ಲಿ ಒಂದು ಕಾರು, ಕಾರಿನ ಮುಂದಿನ ಚಕ್ರ, ಆ ಚಕ್ರಕ್ಕೆ ದಪ್ಪದೊಂದು ಬಾಣ. ಓದು ಬಾರದವರಿಗೂ ತಿಳಿಯಲಿ ಅಂತಲೇ ಬರೆದ ಚಿತ್ರ ಅದು. ಫೌಂಡರು ಓದು ಬಲ್ಲವರು, ಆದ್ದರಿಂದ ಪೆಟ್ಟಿಗೆಯನ್ನು ಮಂಡಿಯ ಕೆಳಗೆ ಹಾಸಿಕೊಂಡು ಕೂತು ಹಿಂದಿನ ಚಕ್ರಗಳಿಗೆ ಕಟ್ಟಿದರು. ಬಾಣ ಅವರ ಮಂಡಿಗೆ ಚುಚ್ಚುವಂತಿದ್ದರೆ ಚೆನ್ನಾಗಿತ್ತು.

"ಮುಂದಕ್ಕೆ ಕಟ್ಟಿ," ಅಂದೆ.

"ಮೇಡಂ, ದಯವಿಟ್ಟು."

ಮುಂದೆ ತಪಾಸಣೆಯ ಜಾಗ. ಅಲ್ಲಿ ನಿಂತಿದ್ದ ಅಧಿಕಾರಿ ಬಗ್ಗಿ ಮುಂದಿನ ಚಕ್ರ ನೋಡಿದ, ಹಿಂದಿನ ಚಕ್ರ ನೋಡಿದ, ಆಮೇಲೆ ಬಹಳ ಹೊತ್ತು ಫೌಂಡರ ಮುಖ ನೋಡಿದ.

"ಇದು ಫ್ರಂಟ್‌ವೀಲ್ ಡ್ರೈವ್ ಕಾರು ಅಲ್ಲವೇ?"

"ಹೌದು."

"ಚೈನು ಹಿಂದೆ ಇದೆಯಲ್ಲ?"

"ಅದು ವಿಶೇಷ ಪದ್ಧತಿ," ಅಂದರು ಫೌಂಡರು. "ನಾನು ಈ ವಿಷಯದ ತಜ್ಞ. ಬೇಕಾದರೆ ನೋಡಿ, ಇಂಟರ್ನೆಟ್ಟಿನಲ್ಲಿ ಇದೆ."

ಅಧಿಕಾರಿ ಕೈ ಬೀಸಿ ಹಿಂದಕ್ಕೆ ತಿರುಗುವ ದಾರಿ ತೋರಿಸಿದ. "ಹಾಗಾದರೆ ಇಂಟರ್ನೆಟ್ಟಿನ ಮೇಲೇ ಓಡಿಸಿ ಸಾರ್. ಈ ರಸ್ತೆ ನಮ್ಮದು."

೫. ಖಡಾಖಂಡಿತ ಬ್ರೇಕು

ಹಿಂದಕ್ಕೆ ಹೋಗಿ ಚೈನು ಬಿಚ್ಚಿ ಮುಂದಿನ ಚಕ್ರಕ್ಕೆ ಕಟ್ಟಿದವಳು ನಾನು. ಯಜಮಾನರು ನನ್ನ ತಲೆಯ ಮೇಲೆ ಕೊಡೆ ಹಿಡಿದಿದ್ದರು. ಫೌಂಡರು ಒಳಗೆ ಹೀಟರ್ ಹಾಕಿಕೊಂಡು ಅತ್ತೆಗೆ ಚಳಿಯಾಗದಂತೆ ನೋಡಿಕೊಳ್ಳುತ್ತಿದ್ದರು. ಬೆರಳು ಮರಗಟ್ಟಿ ನಾನು ಎದ್ದು ನಿಂತು, "ಇನ್ನು ನಾನೇ ಓಡಿಸ್ತೀನಿ" ಅಂದೆ. ಫೌಂಡರು ಕಿಟಕಿಯ ಗಾಜು ನಾಲ್ಕು ಬೆರಳು ಇಳಿಸಿ, "ಹೊಸ ಕಾರು ಮೇಡಂ, ಇನ್ಶೂರೆನ್ಸು ನನ್ನ ಹೆಸರಲ್ಲಿದೆ" ಅಂದು ಮತ್ತೆ ಏರಿಸಿದರು.

ಆದರೂ ತಪಾಸಣೆ ದಾಟಿ ಮೇಲೆ ಬಂದೆವು. ಮುಂದೆ ಚೈನು, ಹಿಂದೆ ಅಕ್ಕಿ. ತಿರುವು ಬಂದಾಗಲೆಲ್ಲ ಕಾರಿನ ಬಾಲ ತನಗೆ ಬೇರೆ ಕಡೆ ಕೆಲಸ ಇದೆ ಅನ್ನುವ ಹಾಗೆ ಒಂದಿಷ್ಟು ಪಕ್ಕಕ್ಕೆ ಹೋಗಿ ವಾಪಸು ಬರುತ್ತಿತ್ತು. "ಮೆಲ್ಲಗೆ, ಮೆಲ್ಲಗೆ, ಇಳಿಜಾರು ಬರೋ ಮೊದಲೇ ಗೇರ್ ಇಳಿಸಿ" ಅಂತ ನಾನು ಹೇಳುತ್ತಲೇ ಇದ್ದೆ. ಫೌಂಡರು ರೇಡಿಯೋ ಜೋರು ಮಾಡಿದರು.

ರಸ್ತೆಯಿಂದ ಕೆಳಕ್ಕೆ ಇಳಿದರೆ ಒಂದು ಬಯಲು. ಅಲ್ಲಿ ಮಕ್ಕಳು ಹಿಮದ ಮೇಲೆ ಜಾರುಬಂಡೆ ಆಡುತ್ತಿದ್ದವು, ಅಂಚಿನಲ್ಲಿ ಕಾರು ನಿಲ್ಲಿಸುವ ಜಾಗ. "ಇಲ್ಲೇ!" ಅಂತ ಅತ್ತೆ ಕೂಗಿದರು. ಫೌಂಡರು ಇಳಿಜಾರಿಗೆ ತಿರುಗಿಸಿದರು. ಕೆಳಗೆ ನುಣ್ಣನೆಯ ಐಸು. ಕಾರು ಸ್ವಲ್ಪ ಜಾರಿತು. ಸ್ವಲ್ಪವೇ. ಸುಮ್ಮನಿದ್ದಿದ್ದರೆ ತಾನೇ ಸರಿಹೋಗುತ್ತಿತ್ತು.

ಆದರೆ ಅವರು ತಾವೇ ಬರೆದ ಸಲಹೆಯಂತೆ ಖಡಾಖಂಡಿತ ಬ್ರೇಕು ಒದ್ದರು.

ಆಮೇಲೆ ನಡೆದದ್ದು ನಿಧಾನವಾಗಿ, ಬಹಳ ಗಾಂಭೀರ್ಯದಿಂದ ನಡೆಯಿತು. ಅಕ್ಕಿಮೂಟೆಗಳು ಮುಂದಾಳತ್ವ ವಹಿಸಿದವು. ಬಾಲ ಮುಂದಕ್ಕೆ ಬಂತು, ಮೂತಿ ಹಿಂದಕ್ಕೆ ಹೋಯಿತು. ಕಿಟಕಿಯಲ್ಲಿ ಮರ, ಮಕ್ಕಳು, ಬೆಟ್ಟ, ಮತ್ತೆ ಮರ. ಯಜಮಾನರು ವೆಂಕಟರಮಣನನ್ನು ಕರೆದರು. ನಾನು ಕರೆದದ್ದು ದೇವರನ್ನಲ್ಲ, ಏನೆಂದು ಇಲ್ಲಿ ಬರೆಯಲಾರೆ. ಕೊನೆಗೆ ಕಾರು ಹಿಮ್ಮುಖವಾಗಿ ಜಾರಿ ಅಂಚಿನ ಹಿಮದ ಗುಡ್ಡೆಯಲ್ಲಿ ಡಿಕ್ಕಿಯವರೆಗೆ ಹೂತು, ಪುಸ್ ಅಂತ ನಿಂತಿತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ.

ಎಲ್ಲರೂ ಸೀಟಿಗೆ ಅಂಟಿಕೊಂಡು ಕೂತಿದ್ದೆವು. ಅತ್ತೆ ಮಾತ್ರ ಸೀಟ್ ಬೆಲ್ಟು ಬಿಚ್ಚಿಕೊಂಡು, ಫೌಂಡರ ಭುಜ ತಟ್ಟಿದರು.

"ಎಷ್ಟು ನಾಜೂಕಾಗಿ ರಿವರ್ಸ್ ತಗೊಂಡು ನಿಲ್ಲಿಸಿದೆಯಪ್ಪ! ನನ್ನ ಮಗನಿಗೆ ಇವತ್ತಿಗೂ ಹೀಗೆ ಪಾರ್ಕ್ ಮಾಡಕ್ಕೆ ಬರಲ್ಲ."

೬. ಬಾನೆಟ್ಟಿನ ಮೇಲೆ

ಅತ್ತೆ ಇಳಿದು, ಬಾಗಿ, ಒಂದು ಹಿಡಿ ಹಿಮ ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, "ಹೂಂ, ಕ್ಯಾಮೆರಾ ತೆಗಿ" ಅಂದರು.

ಯಜಮಾನರ ಮುಖ ಹಿಮಕ್ಕಿಂತ ಬೆಳ್ಳಗಾಯಿತು. "ಡಿಕ್ಕೀಲಿದೆ ಅಮ್ಮಾ."

ಡಿಕ್ಕಿ ಗುಡ್ಡೆಯ ಒಳಗಿತ್ತು. ಅದನ್ನು ತೆರೆಯಬೇಕಾದರೆ ಕಾರು ಮುಂದೆ ಬರಬೇಕು. ಕಾರು ಮುಂದೆ ಬರಬೇಕಾದರೆ ಮೂಟೆ ಇಳಿಸಬೇಕು. ಮೂಟೆ ಇಳಿಸಬೇಕಾದರೆ ಡಿಕ್ಕಿ ತೆರೆಯಬೇಕು. ಫೌಂಡರು ಒಳಗೆ ಕೂತು ಆಕ್ಸಿಲರೇಟರ್ ಒತ್ತಿದರು. ಎತ್ತಿಕೊಂಡಿದ್ದ ಮೂತಿಯ ಕೆಳಗೆ ಮುಂದಿನ ಚಕ್ರಗಳು ಗಿರಗಿರ ತಿರುಗಿ, ನಿಂತಿದ್ದ ಯಜಮಾನರಿಗೆ ಹಿಮದ ಅಭಿಷೇಕ ಮಾಡಿದವು. ಕಾರು ಅಲುಗಲಿಲ್ಲ. ಬೆಟ್ಟದ ಹಿಂದಕ್ಕೆ ಸೂರ್ಯ ಸರಿಯುತ್ತಿದ್ದ. ಅತ್ತೆ ಒಮ್ಮೆ ಸೂರ್ಯನನ್ನು, ಒಮ್ಮೆ ಡಿಕ್ಕಿಯನ್ನು ನೋಡುತ್ತಾ ನಿಂತಿದ್ದರು. ಅವರ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಬಿಡು, ನಂಗೆ ಯೋಗ ಇಲ್ಲ. ಅವಳು 'ಪಾಪ' ಅಂದದ್ದೇ ನಿಜವಾಯ್ತು" ಅಂದರು. ನನಗೆ ನಿಜವಾಗಿ ಬೇಸರವಾಯಿತು. ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು.

"ಐಸು ಸರಿ ಇಲ್ಲ ಇಲ್ಲಿ," ಅಂದರು ಫೌಂಡರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಇಳೀರಿ ಕೆಳಗೆ," ಅಂದೆ. ದನಿ ಕೇಳಿ ಅವರು ಇಳಿದರು.

ನಮ್ಮ ಪಕ್ಕದಲ್ಲೇ ಗಡ್ಡದ ಅಮೆರಿಕನ್ ಒಬ್ಬ ಅದೇ ಅವಸ್ಥೆಯಲ್ಲಿದ್ದ. ಇಳಿಜಾರು ಹತ್ತಲಾರದೆ ಅವನ ಕಾರಿನ ಮುಂದಿನ ಚಕ್ರಗಳೂ ಗಿರಗಿರ ಸುತ್ತುತ್ತಿದ್ದವು. ಅವನ ಡಿಕ್ಕಿ ನೋಡಿದರೆ ಬೆಕ್ಕಿನ ಮರಳಿನ ಚೀಲಗಳು, ಒಂದರ ಮೇಲೊಂದು.

"ಅದನ್ನು ಹಿಂದೆ ಯಾಕೆ ಹೊತ್ತಿದ್ದೀರಿ? ತೆಗೆದು ಮುಂದಿನ ಚಕ್ರದ ಕೆಳಗೆ ಸುರೀರಿ," ಅಂದೆ. ಅವನು ಸುರಿದ, ಸಲೀಸಾಗಿ ಹತ್ತಿದ, ಕೃತಜ್ಞತೆಯಿಂದ ಉಳಿದ ಚೀಲ ಹೊತ್ತುಕೊಂಡು ಹೆಂಡತಿಯ ಜೊತೆ ನಮ್ಮ ನೆರವಿಗೆ ಬಂದ. ಅದೇನೆಂದು ಅತ್ತೆ ಕೇಳಿದರು. ಹೇಳಿದೆ. "ಬೆಕ್ಕು ಕಕ್ಕಸಿಗೆ ಹೋಗಕ್ಕೆ ಮಣ್ಣನ್ನ ಅಂಗಡಿಯಿಂದ ತರ್ತಾರಾ?" ಅಂತ ಅವರು ಆ ದುಃಖದಲ್ಲೂ ಬೆರಗಾದರು.

ಮರಳು ಸುರಿದೆವು. ಆದರೂ ಮೂತಿ ಕೆಳಗೆ ಕೂರಲಿಲ್ಲ. ಹಿಂದಿನ ಮೂಟೆ ಇಳಿಸುವಂತಿಲ್ಲ, ಸರಿ, ಮುಂದೆ ಒಂದು ಮೂಟೆ ಇಟ್ಟರಾಯಿತು. ಸುತ್ತ ನೋಡಿದೆ. ಫೌಂಡರು ಕಂಡರು. ಒಳ್ಳೆಯ ಮೈಕಟ್ಟು.

"ಹತ್ತಿ," ಅಂದೆ.

"ಎಲ್ಲಿಗೆ?"

"ಬಾನೆಟ್ ಮೇಲಕ್ಕೆ. ಭಾರ ಬೇಕು ಅಂತ ನೀವೇ ಬರೆದಿದ್ದೀರಿ. ಜಾಗ ಒಂದನ್ನು ನಾನು ತಿದ್ದಿದ್ದೀನಿ."

"ಹೊಸ ಕಾರು ಮೇಡಂ, ತಗ್ಗು ಬೀಳತ್ತೆ..."

"ಹತ್ತಪ್ಪ," ಅಂದರು ಅತ್ತೆ, ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು ಅವರಿಗೆ. "ಬೆಳಕು ಹೋಗತ್ತೆ."

ಫೌಂಡರು ಹತ್ತಿ, ಚಕ್ಕಳಮಕ್ಕಳ ಹಾಕಿ, ಎರಡೂ ಕೈ ಹಿಂದೆ ಊರಿ ಕೂತರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮುಖ. ಮೂತಿ ಸೊಗಸಾಗಿ ಇಳಿಯಿತು.

ಗಡ್ಡದವನು ಅವರನ್ನು ಓರೆಗಣ್ಣಿಂದ ನೋಡಿದ. ಮುಂದೆ ಬಂದು ನೋಡಿದ. ಹೆಂಡತಿಯನ್ನು ಕರೆದು ತೋರಿಸಿದ.

"ಈ ಮುಖ ನಾನು ನೋಡಿದ್ದೇನೆ! ಡಿಕ್ಕಿಯಲ್ಲಿ ಭಾರ ತುಂಬಿ ಅಂತ ಇಂಟರ್ನೆಟ್ಟಿನಲ್ಲಿ ಬರೆದವನು ಇವನೇ ಅಲ್ಲವೇ? ಫೋಟೋದಲ್ಲಿ ಹಿಂದೆ ಹಿಮದ ಬೆಟ್ಟ ಇತ್ತು!"

ಫೌಂಡರು ಕತ್ತು ಆ ಕಡೆ ತಿರುಗಿಸಿ ಗಂಭೀರವಾಗಿ ಹೇಳಿದರು: "ಇರಲಾರದು. ನಾವು ಇಂಡಿಯನ್ನರು ನೋಡಲು ಎಲ್ಲ ಒಂದೇ ಥರ ಇರ್ತೀವಿ."

"ಹಿಂದೆ ಹಿಮದ ಬೆಟ್ಟ ಈಗಲೂ ಇದೆ," ಅಂದಳು ಅವನ ಹೆಂಡತಿ. ಕಾರಿಗೆ ಓಡಿಹೋಗಿ ಒಂದು ಕ್ಯಾಮೆರಾ ತಂದಳು. ತೆಗೆದ ತಕ್ಷಣ ಫೋಟೋ ಹೊರಗೆ ಬರುತ್ತದಲ್ಲ, ಆ ಥರದ್ದು.

ಕ್ಯಾಮೆರಾ ಕಂಡದ್ದೇ ತಡ, ನಮ್ಮ ಅತ್ತೆ ಜಾಕೆಟ್ಟು ಕಿತ್ತು ಮಗನ ಮೇಲೆ ಎಸೆದರು. ಸಿಲ್ಕ್ ಸೀರೆಯ ಜರಿ ಕಾಣುವ ಹಾಗೆ ಸೆರಗು ಹರಡಿ, ಕಾರಿನ ಮುಂದೆ ಹೋಗಿ ನೆಟ್ಟಗೆ ನಿಂತು, "ಒನ್ ಫೋಟೋ. ಮೈ ಫೋಟೋ" ಅಂದರು. ಆಕೆ ನಗುತ್ತಾ ಎರಡು ತೆಗೆದಳು. ಒಂದು ತಾನು ಇಟ್ಟುಕೊಂಡಳು, ಇನ್ನೊಂದನ್ನು ಅತ್ತೆಗೆ ಕೊಟ್ಟಳು. ಚಿತ್ರ ಮೂಡುವವರೆಗೆ ಅತ್ತೆ ಅದನ್ನು ಹಸುಗೂಸಿನ ಹಾಗೆ ಸೆರಗಿನಲ್ಲಿ ಹಿಡಿದಿದ್ದರು.

ಆಮೇಲೆ ಅತ್ತೆಯನ್ನು ಪಕ್ಕಕ್ಕೆ ಕಳಿಸಿ, ನಾನು ಸ್ಟಿಯರಿಂಗ್ ಹಿಡಿದು, ಕಾಲನ್ನು ಹೂವಿನ ಮೇಲೆ ಇಟ್ಟ ಹಾಗೆ ಇಟ್ಟೆ. ಕಾರು ತಜ್ಞರನ್ನು ಹೊತ್ತುಕೊಂಡು ಮೆಲ್ಲಗೆ ಹೊರಬಂತು. ಡಿಕ್ಕಿ ತೆಗೆದೆವು. ಜೋಪಾನವಾಗಿರಲಿ ಅಂತ ಯಜಮಾನರು ಕ್ಯಾಮೆರಾವನ್ನು ಮೂಟೆಗಳ ಸಂದಿಯಲ್ಲಿ ತೂರಿಸಿ ಎಲ್ಲದಕ್ಕಿಂತ ಕೆಳಗೆ ಇಟ್ಟಿದ್ದರು. ಕಾರು ತಿರುಗಿದಾಗ ಅದರ ಮೇಲೆ ಎರಡು ಮೂಟೆ ಸೋನಾಮಸೂರಿ ಉರುಳಿದ್ದವು. ಕ್ಯಾಮೆರಾ ಅನ್ನುವುದು ಹಪ್ಪಳವಾಗಿತ್ತು. ಬರುವಾಗ ನಾನೇ ಓಡಿಸಿದೆ. ಇನ್ಶೂರೆನ್ಸಿನ ಮಾತು ಯಾರೂ ಎತ್ತಲಿಲ್ಲ. ಮುಂದಿನ ಸೀಟಿನಲ್ಲಿ ಫೌಂಡರು, ಕಾಲಡಿಯಲ್ಲಿ ಒಂದು ಮೂಟೆ, ತೊಡೆಯ ಮೇಲೆ ಇನ್ನೊಂದು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದರೂ ಅದಕ್ಕೆ ನಾಚಿಕೆ ಇರುವುದಿಲ್ಲ. ಸೋಮವಾರವೂ ಸೈಟಿನಲ್ಲಿ ಆ ಉತ್ತರ ಹಾಗೆಯೇ ಇತ್ತು. ಬೇಸಗೆ ಬರುವಷ್ಟರಲ್ಲಿ ಕಂಪನಿಯೇ ಕರಗಿಹೋಯಿತು. ಯಜಮಾನರು ಮತ್ತೆ ಒಂದು ಸಾಧಾರಣ ಕೆಲಸ ಹಿಡಿದು ಸುಖವಾಗಿದ್ದರು. ಫೌಂಡರು ಕಂಪನಿ ನಡೆಸುವುದು ಹೇಗೆ ಎಂಬ ವಿಷಯದಲ್ಲಿ ಉಪನ್ಯಾಸ ಕೊಡಲು ಶುರು ಮಾಡಿದರು.

ಅತ್ತೆ ಬುಧವಾರ ವಿಮಾನ ಹತ್ತಿದರು. ಫೋಟೋ ಮೈಸೂರಿನಲ್ಲಿ ಕಟ್ಟು ಹಾಕಿಸಿಕೊಂಡು ಟೀವಿಯ ಮೇಲೆ ಕೂತಿತು. ಮುಂದೆ ಜರಿ ಸೀರೆಯ ಅತ್ತೆ, ಹಿಂದೆ ಬಾನೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿದ ಫೌಂಡರು. ಒಂದು ದಿನ ಅತ್ತೆಯ ಫೋನು ಬಂತು, ದನಿಯಲ್ಲಿ ಹಬ್ಬ.

"ಎದುರುಮನೆಯವಳು ಬಂದಿದ್ದಳು ಕಣೇ. ಫೋಟೋನ ತಿರುಗಿಸಿ ತಿರುಗಿಸಿ ನೋಡಿದಳು. ಸ್ನೋ ಬಗ್ಗೆ ಮಾತೇ ಇಲ್ಲ! 'ಹಿಂದೆ ಕಾರಿನ ಮೇಲೆ ಕೂತಿರೋರು ಯಾರ್ರೀ?' ಅಂದಳು."

"ನೀವೇನಂದ್ರಿ ಅತ್ತೆ?"

"ಇನ್ನೇನನ್ನಲಿ? 'ಅವರು ಸ್ನೋ ತಜ್ಞರು. ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟ ಹತ್ತೋ ಕಾರಿಗೆಲ್ಲ ಮುಂದೆ ಒಬ್ಬರನ್ನ ಹೀಗೆ ಕೂರಿಸ್ತಾರೆ. ಯಾಕೆ, ನಿಮ್ಮ ಶಿಕಾಗೋದಲ್ಲಿ ಕೂರಿಸಲಿಲ್ವಾ? ಅಯ್ಯೋ ಪಾಪ!' ಅಂದೆ."